ಅನುಭವ ಕೇಳುವ ಮೋಹನ್‌ಬಾಬು
ಚಿಕ್ಕಬಳ್ಳಾಪುರದ ಕಾಲೇಜೊಂದರ ಸಂಶೋಧಕ ಮೋಹನ್‌ಬಾಬು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಅನುಭವ ಸಂಗ್ರಹಿಸಲು ಇಸ್ತ್ರಿ ಮಾಡಿದ ಖಾದಿ ಜುಬ್ಬಾ ತೊಟ್ಟೇ ಬರುತ್ತಾನೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, "ಈ ಕೆಲಸ ಹೇಗನ್ನಿಸುತ್ತೆ, ಸಂಕೋಚ ಬಿಟ್ಟು ಹೇಳಿ" ಎನ್ನುತ್ತಾನೆ; ಅವರು ಬಾಯಿ ತೆರೆಯುವ ಮೊದಲೇ, "ಶೋಷಣೆ ಅನ್ನಿಸುತ್ತೆ, ಅಲ್ವಾ?" ಎಂದು ಉತ್ತರವನ್ನೂ ತಾನೇ ಕೊಡುತ್ತಾನೆ. ಯಾರಾದರೂ ನಕ್ಕರೆ 'ನೋವು ಮುಚ್ಚುವ ನಗು' ಎಂದು ಬರೆದುಕೊಳ್ಳುತ್ತಾನೆ. ಅತ್ತರಂತೂ ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿಯುತ್ತಾನೆ. ಮೊನ್ನೆ, ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಕೈಯಾಡಿಸುತ್ತಿದ್ದ ಲಕ್ಷ್ಮೀನರಸಮ್ಮ, "ನಿಮ್ಮಮ್ಮ ಏನ್ ಮಾಡ್ತಾರಪ್ಪ?" ಎಂದು ಕೇಳಿದರು. "ಮೂವತ್ತು ವರ್ಷ ಇದೇ ಕೆಲಸ ಮಾಡಿದ್ರು." "ಅವ್ರಿಗೆ ಹೆಂಗನ್ನಿಸ್ತಂತೆ?" ಮೋಹನ್‌ಬಾಬು ರೆಕಾರ್ಡಿಂಗ್ ನಿಲ್ಲಿಸಿದ. "ಕೇಳಿಲ್ಲಮ್ಮ," ಎಂದ.