ಟ್ರಕ್ ಡ್ರೈವರ್‌ಗೆ ಪರಿಚಯ ಭಾಷಣ

ಬೀರು ತೆಗೆದರೆ ಸನ್ಮಾನದ ಶಾಲಿನಿಂದ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸ್ಯಾನ್ ಡಿಯಾಗೋದಲ್ಲಿ ಶಾಲು ಹೊದೆಯುವಂಥ ಚಳಿ ಬೀಳುವುದಿಲ್ಲ. ಆದರೂ ನಮ್ಮ ಕನ್ನಡ ಸಂಘ ಕಂಡಕಂಡವರಿಗೆಲ್ಲ ಹೊದಿಸುತ್ತದೆ. ನನಗೆ ಯಾಕೆ ಹೊದಿಸಿದರೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಇಂಥದ್ದೇ ಶಾಲೊಂದನ್ನು ಒಮ್ಮೆ ಪಕ್ಕದ ಊರು ಪೊವೇಯ ಲಲಿತಮ್ಮನವರಿಗೆ ಹೊದಿಸಲು ಹೊರಟಿದ್ದೆವು. ಅವರ ಒಬ್ಬನೇ ಮಗ ವಿನಯ ಕಾಲೇಜು ಬೇಡವೆಂದು ಅಮೆರಿಕದ ಸೈನ್ಯ ಸೇರಿದ್ದ. ಆಗ ನಮ್ಮವರೆಲ್ಲ ಸಾವಿನ ಮನೆಗೆ ಹೋದ ಹಾಗೆ ಹೋಗಿ ಆಕೆಗೆ ಸಮಾಧಾನ ಹೇಳಿ ಬಂದರು. ಅವನು ಅಫ್ಘಾನಿಸ್ತಾನದಲ್ಲಿ ನಿಜವಾಗಿಯೂ ತೀರಿಕೊಂಡ ಮೇಲೆ ಎಲ್ಲರಿಗೂ ಅವನ ಬಗ್ಗೆ ಹೆಮ್ಮೆ ಉಕ್ಕಿತು.

ಅಲ್ಲಿಯವರೆಗೆ, ಯುದ್ಧದಲ್ಲಿ ಮಡಿದವರನ್ನು ಅಮೆರಿಕದವರು ನೆನೆಯುವ ಮೆಮೋರಿಯಲ್ ಡೇ ಎಂದರೆ ನಮಗೆ ಲಾಂಗ್ ವೀಕೆಂಡ್, ಪಾರ್ಕಿನಲ್ಲಿ ಬಿಸಿಬೇಳೆಬಾತು, ಅಂಗಡಿಗಳಲ್ಲಿ ಹಾಸಿಗೆಗೆ ಡಿಸ್ಕೌಂಟು. ಆ ವರ್ಷ ಬಾತಿಗೆ ಮುಂಚೆ ಹುತಾತ್ಮರ ಸ್ಮರಣೆಯೂ ಸೇರಿತು. ಪರಿಚಯ ಭಾಷಣ ಅಧ್ಯಕ್ಷರದು. ಯುದ್ಧವಿಮಾನದ ಬಿಡಿಭಾಗ ಡಿಸೈನ್ ಮಾಡುವ ಅವರಿಗೆ ಯುದ್ಧದ ಮೇಲೆ ಅಪಾರ ಗೌರವ. ಇನ್‌ಕ್ರಿಮೆಂಟು ಬರುವುದೇ ಅದರಿಂದ.

ಅವರ ಕಷ್ಟವನ್ನೂ ನೀವು ಅರ್ಥಮಾಡಿಕೊಳ್ಳಬೇಕು. ನಮ್ಮಲ್ಲಿ ಪರಿಚಯವೆಂದರೆ ಬಿ.ಇ. ಎಲ್ಲಿ, ಎಂ.ಎಸ್. ಎಲ್ಲಿ, ಯಾವ ಕಂಪನಿ. ಈ ಹುಡುಗನಿಗೆ ಅದೊಂದೂ ಇರಲಿಲ್ಲ. ಅಧ್ಯಕ್ಷರು ಧಾರಾಳಿ, ವಿನಯ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದನೆಂದೂ, ವಾಪಸು ಬಂದು ಎಂ.ಎಸ್. ಮಾಡುವವನಿದ್ದನೆಂದೂ ಮೈಕಿನಲ್ಲಿ ಹೇಳಿಬಿಟ್ಟರು. ಜೋರು ಚಪ್ಪಾಳೆ ಬಿತ್ತು.

ಲಲಿತಮ್ಮ ಎದ್ದು ನಿಂತರು. ಹೊದಿಸಲು ಬಂದ ಶಾಲನ್ನು ಕೈಯಿಂದ ತಡೆದರು.

"ಅವ್ನು ಎಂಜಿನಿಯರ್ ಅಲ್ಲ, ಟ್ರಕ್ ಓಡಿಸ್ತಿದ್ದ. ಇರೋದನ್ನೇ ಹೇಳಿ. ಇಲ್ಲಾಂದ್ರೆ ನೀವು ನೆನೆಸ್ಕೊಳ್ತಿರೋದು ಬೇರೆ ಯಾರನ್ನೋ."

ಗೌರವಕ್ಕೆಂದು ಹಾಗೆ ಹೇಳಿದ್ದು ಆಂಟಿ ಎಂದು ಅಧ್ಯಕ್ಷರು ತೊದಲಿದರು. ಆಕೆ ಕೂರಲಿಲ್ಲ. ಕೊನೆಗೆ, ವಿನಯ ಟ್ರಕ್ ಡ್ರೈವರ್ ಆಗಿದ್ದ ಎಂಬ ಮಾತು ಅಧ್ಯಕ್ಷರ ಬಾಯಿಂದ ಹೊರಟಿತು. ಮೌನಾಚರಣೆಗೆ ಇನ್ನೂ ಹೊತ್ತಿತ್ತು. ಅದು ಆಗಲೇ ಶುರುವಾಯಿತು.

ಈಗಲೂ ವರ್ಷವರ್ಷ ಸ್ಮರಣೆ ನಡೆಯುತ್ತದೆ, ಭಾಷಣ ಮಾತ್ರ ಗಿಡ್ಡವಾಗಿದೆ. ನಾನು ಲಲಿತಮ್ಮನ ಪಕ್ಕದಲ್ಲೇ ಕೂರುತ್ತೇನೆ. ಈ ಸಲ, ವಿನಯ ಅಲ್ಲಿ ಟ್ರಕ್ ಹೇಗೆ ಓಡಿಸುತ್ತಿದ್ದ ಎಂದು ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಆ ರಸ್ತೆಗಳಲ್ಲಿ ಬಾಂಬು ಹೂತಿರುತ್ತಾರಂತೆ. ಹಾಗಾಗಿ ಪ್ರತಿ ಟ್ರಕ್ಕೂ ಮುಂದಿನ ಟ್ರಕ್ಕಿನ ಗಾಲಿ ಗುರುತಿನ ಮೇಲೆಯೇ ಹೋಗಬೇಕಂತೆ.

"ಇವ್ನು ಯಾವಾಗ್ಲೂ ಮೊದಲನೇ ಟ್ರಕ್ಕೇ ಕೇಳ್ತಿದ್ದ. ಹಿಂದೆ ಬರೋರಿಗೆ ಗುರುತು ಬೇಕಲ್ಲಮ್ಮ ಅಂತಿದ್ದ."