ಸರ್ವರ್ ಕೋಣೆಯ ವಸಂತಿ

ವೇಣೂರಿನ ವಸಂತಿ ಮೂಡುಬಿದಿರೆಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಒಂದು ಕಚೇರಿಗೆ ಸೇರಿದ್ದು ಫೋನಿನಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ. ಕೇಳಿ, ಕೆಡಿಸಿ, ಸರಿಮಾಡಿ ಕಲಿತು ಹನ್ನೊಂದು ವರ್ಷದಲ್ಲಿ ಸರ್ವರ್ ಕೋಣೆಯನ್ನೇ ವಹಿಸಿಕೊಂಡಳು. ಪುತ್ತಿಗೆಯಿಂದ ವೇಣೂರಿನವರೆಗೆ ಯಾವ ಮನೆಯವರು ಲಾಗಿನ್ ಆದರೂ ಅಲ್ಲಿನ ಸರ್ವರ್ ಯಂತ್ರದ ಒಪ್ಪಿಗೆ ಬೇಕು. ಆ ಯಂತ್ರವನ್ನು ಮುಟ್ಟಲು ವಸಂತಿಯ ಒಪ್ಪಿಗೆ ಬೇಕು. ಪ್ರತಿ ಕೆಲಸಗಾರನಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಐದು ನಿಮಿಷ ಸುಮ್ಮನೆ ಬಿಟ್ಟರೆ ಕಂಪ್ಯೂಟರ್ ಪರದೆ ತಾನೇ ಮುಚ್ಚಿಕೊಳ್ಳುತ್ತಿತ್ತು.

"ನಮ್ಮನ್ನು ಕಳ್ಳರು ಅಂತ ಮಾಡಿದ್ರಾ ಅಕ್ಕಾ?" ಎಂದು ಲೈನ್‌ಮ್ಯಾನ್ ಮುಂಡಪ್ಪ ಗೊಣಗಿದ್ದ.

"ಕಳ್ಳ ಬಂದ ದಿನ ನಿನ್ನ ಹೆಸರು ಬರಬಾರದಲ್ಲ ಮಾರಾಯ, ಅದಕ್ಕೆ."

ಕಳೆದ ವರ್ಷ ಒಂದು ಮಧ್ಯಾಹ್ನ ಮಾಲಕ ಮುನಿರಾಜರು ಕಲ್ಲುಕೋರೆಯ ಧಣಿಯೊಬ್ಬನನ್ನು ಕರೆದುಕೊಂಡು ಬಂದರು. ಕೋರೆಯ ಧೂಳಿನಿಂದ ಬಾವಿ ಹಾಳಾಯಿತೆಂದು ಯಾರೋ ಹೆಸರು ಹಾಕದೆ ಅವನ ವೆಬ್‌ಸೈಟಿಗೇ ಚಿತ್ರ ಸಮೇತ ಬರೆದಿದ್ದರು. ಯಾವ ಇಂಟರ್ನೆಟ್ ಸಂಪರ್ಕದಿಂದ ಬರೆದದ್ದೆಂದು ತೋರಿಸುವ ಐಪಿ ನಂಬರಿನ ಚೀಟಿ ಅವನ ಕೈಯಲ್ಲಿತ್ತು.

"ವಸಂತಿ, ಇದು ಯಾವ ಮನೆಯದ್ದು ಅಂತ ನೋಡಿ ಹೇಳಿ."

"ಪೊಲೀಸರ ಪತ್ರ ಉಂಟಾ ಸರ್?"

"ಪತ್ರ ಎಂತಕ್ಕೆ? ಸರ್ವರ್ ನಮ್ಮದೇ ಅಲ್ವಾ?"

"ಸರ್ವರ್ ನಿಮ್ಮದು. ಆ ಮನೆ ನಿಮ್ಮದಲ್ಲ."

ಮುನಿರಾಜರ ಮುಖ ಕೆಂಪಾಯಿತು. "ನಿಮ್ಮ ಪಾಸ್‌ವರ್ಡ್ ಕೊಡಿ. ನಾನೇ ನೋಡ್ತೇನೆ."

"ನನ್ನ ಹೆಸರಲ್ಲಿ ನೋಡ್ಲಿಕ್ಕೆ ಬಿಡುವುದಿಲ್ಲ ಸರ್. ನಿಮ್ಮ ಹೆಸರಲ್ಲೇ ಒಂದು ಖಾತೆ ಮಾಡಿ ಕೊಡ್ತೇನೆ. ಎಂತ ನೋಡಿದ್ರಿ, ಎಷ್ಟು ಗಂಟೆಗೆ ನೋಡಿದ್ರಿ, ಎಲ್ಲ ದಾಖಲೆ ಆಗ್ತದೆ. ಅಳಿಸ್ಲಿಕ್ಕೆ ನನಗೂ ಆಗುವುದಿಲ್ಲ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಕೀಬೋರ್ಡನ್ನು ಅವರತ್ತ ತಿರುಗಿಸಿದಳು. ಮುನಿರಾಜರು ಕೂರಲಿಲ್ಲ. ಧಣಿ ನಂಬರಿನ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ.

ಅದು ಯಾರ ಮನೆಯೆಂದು ವಸಂತಿಗೂ ಗೊತ್ತಿಲ್ಲ. ಆಮೇಲೆ ಒಬ್ಬಳೇ ಇದ್ದಾಗಲೂ ಅವಳು ನೋಡಲಿಲ್ಲ.

ವಾರದೊಳಗೆ ಅವಳಿಗೆ ಫರಂಗಿಪೇಟೆಯ ಬಿಲ್ ಕೌಂಟರಿಗೆ ವರ್ಗವಾಯಿತು. ಅವಳು ಹೋಗಲಿಲ್ಲ. ಹೊಸಬನಿಗೆ ಎರಡು ದಿನ ಕೆಲಸ ಕಲಿಸಿ, ತನ್ನ ಖಾತೆಯನ್ನು ತಾನೇ ಮುಚ್ಚಿ, ರಾಜೀನಾಮೆ ಬರೆದಳು.

"ಕಾರಣ ಎಲ್ಲ ಯಾಕೆ ಬರೆದ್ರಿ?" ಎಂದರು ಮುನಿರಾಜರು.

"ಕಾರಣ ಉಂಟಲ್ಲ ಸರ್. ಸಹಿ ಹಾಕಿ, ಒಂದು ಪ್ರತಿ ನನಗೆ ಬೇಕು."

ಮೂರು ತಿಂಗಳು ಮನೆಯಲ್ಲಿ ಕೂತಳು. ಬೆಳ್ತಂಗಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದ ಸಂದರ್ಶನದಲ್ಲಿ, ಹಿಂದಿನ ಕೆಲಸ ಯಾಕೆ ಬಿಟ್ಟಿರೆಂದು ಕೇಳಿದಾಗ ಆ ಪ್ರತಿಯನ್ನೇ ಮೇಜಿನ ಮೇಲಿಟ್ಟಳು. ಪ್ರಾಂಶುಪಾಲರು ಓದಿ ಕನ್ನಡಕ ತೆಗೆದರು.

"ಇದನ್ನು ತೋರಿಸಿದ್ರೆ ಕೆಲಸ ಸಿಗುವುದು ಕಷ್ಟ ಅಲ್ವಾ?"

"ಕಷ್ಟ ಆದ್ರೆ ಬೇಡ ಸರ್. ವೇಣೂರಿಗೆ ಬಸ್ಸು ಉಂಟು."

ಅವರು ಇನ್ನೊಮ್ಮೆ ಓದಿದರು. "ಸೋಮವಾರ ಬನ್ನಿ" ಎಂದರು.