ಚೀಲದೊಳಗಿನ ಕಸರತ್ತು

ಪಕ್ಕದಲ್ಲಿ ಒಣಮೆಣಸಿನಕಾಯಿ ಲಾರಿ ಹಾದುಹೋಯಿತು. ಘಾಟಿಗೆ ಸೀನು ಬಂತು, ಹಿಂದೆಯೇ ಬ್ಯಾಡಗಿಯ ಅಜ್ಜ ನೆನಪಾದರು.

ಅಂಗಳದಲ್ಲಿ ಓಡಿದರೂ ಗದರುತ್ತಿದ್ದ ಅಜ್ಜ ಒಂದು ಮುಂಜಾನೆ ಬೆಲ್ಲ ಕೊಟ್ಟು, "ಹುಡುಗರು ಕುಣೀಬೇಕೋ ತಮ್ಮಾ, ಕಾಲು ಗಟ್ಟಿ ಆಗತಾವ" ಎಂದರು. ನನಗೆ ಗಾಢ ಅನುಮಾನ ಬಂತು. ಆದರೆ ಸಂಜೆ ಚಿನ್ನಿದಾಂಡಿನ ಪಂದ್ಯವಿತ್ತು, ಕಾಲಿಗೆ ಬಲ ಬೇಕಿತ್ತು.

"ಎಲ್ಲಿ ಕುಣೀಲಿ?"

"ಇದರಾಗ" ಎಂದು ನನ್ನನ್ನು ಎತ್ತಿ ಗೋಣಿಚೀಲದೊಳಗೆ ಇಳಿಸಿದರು. ಅಜ್ಜಿ ಮೇಲಿಂದ ಮೆಣಸಿನಕಾಯಿ ಸುರಿದಳು, ನಾನು ತುಳಿದು ತುಳಿದು ಅದುಮಿದೆ. ಹೀಗೆ ನಾಲ್ಕು ಚೀಲ.

ಸಂಜೆ ಗೆಳೆಯರು ಕೂಗಿದಾಗ ನನ್ನ ಉರಿಯುವ ಕಾಲುಗಳು ಮಜ್ಜಿಗೆಯ ಬೋಗುಣಿಯಲ್ಲಿದ್ದವು. "ಪೈಲವಾನರಿಗೂ ಮೊದಲನೇ ದಿನ ಹಿಂಗ ಆಗತೈತಿ" ಎಂದರು ಅಜ್ಜ, ಗಂಭೀರವಾಗಿ.

ಇವತ್ತು ಮನೆಗೆ ಬಂದು, ಮೊಬೈಲಿನಲ್ಲಿ ಮುಳುಗಿದ್ದ ಮಗಳಿಗೆ, "ಹೊರಗ ಹೋಗಿ ಆಡವ್ವಾ, ಮೈಗೆ ಚಲೋ" ಎಂದೆ.

ಅವಳು ತಲೆಯೆತ್ತಲಿಲ್ಲ. "ಅಂಗಡಿಯಿಂದ ಏನ್ ತರಬೇಕಪ್ಪಾ?"